ಆಯ್ತ್ ಅಂಬ ಬೆಳ್ಳಿ

ಬೈಂದೂರು ದಾರಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಬೆಳ್ಳಿ ಎಂಬವಳಿದ್ದಾಳೆ. ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ಮೇಸ್ತ್ರಿಗೆ ಅವಳು ಕೊಟ್ಟ ಉತ್ತರ ಒಂದೇ: "ಆಯ್ತ್". ಹುಟ್ಟಿದ ಮನೆಯಲ್ಲೂ ಅದೇ, ಕೊಟ್ಟ ಮನೆಯಲ್ಲೂ ಅದೇ.

"ಬಾವಿಗ್ ಹಾರ್ ಅಂದ್ರೆ, ಕೊಡಪಾನ ತಕಂಡ್ ಹಾರ್ಕಾ ಅಂದ್ ಕೇಂತ್ಳ್ ಇವ್ಳ್," ಎಂದು ಜೊತೆಗಾತಿ ಪದ್ದು ನಗಾಡುತ್ತಿದ್ದಳು.

ಇಬ್ಬರದೂ ಒಂದೇ ಮೇಜು. ಬೆಳ್ಳಿ ಬೀಜವಿಟ್ಟು ಪೆಡಲ್ ತುಳಿದರೆ ಅಲಗು ಸಿಪ್ಪೆ ಸೀಳಬೇಕು; ಎದುರು ಕೂತ ಪದ್ದು ಸೂಜಿಯಿಂದ ತಿರುಳು ಎಬ್ಬಿಸಬೇಕು. ಸೊನೆ ಸುಡದಂತೆ ಎಣ್ಣೆ ಸವರಿದ ನಾಲ್ಕು ಕೈ, ತುಳಿಯುವುದು ಒಂದು ಕಾಲು. ಕಳೆದ ಮಾರ್ಚಿನಲ್ಲಿ ಅಲಗನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ತುಂಡಾಯಿತು.

"ಇವತ್ತೊಂದ್ ದಿನ ಹ್ಯಾಂಗಾರೂ ನೂಕ್ ಬೆಳ್ಳಕ್ಕ, ಲಾರಿ ಕಾಯ್ತಾ ಇತ್ತ್," ಅಂದ ಮೇಸ್ತ್ರಿ ಗೋಪಿ.

"ಆತಿಲ್ಲ ಅನ್ ಮರಾಯ್ತಿ," ಪದ್ದು ಪಿಸುಗುಟ್ಟಿದಳು.

"ಆಯ್ತ್," ಅಂದಳು ಬೆಳ್ಳಿ, ಗೋಪಿಗೆ.

ಮಧ್ಯಾಹ್ನದ ಗಂಜಿಗೆ ಮೊದಲೇ, ಹಿಂದೆ ಸರಿಯದ ಅಲಗಿಗೆ ಸಿಕ್ಕಿ ಪದ್ದುವಿನ ಬಲಗೈಯ ಎರಡು ಬೆರಳು ಹೋದವು. ಪೆಡಲ್ ಮೇಲಿದ್ದದ್ದು ಬೆಳ್ಳಿಯ ಕಾಲು.

ಕಾರ್ಖಾನೆಯ ವಿಚಾರಣೆಗೆ ಗೋಪಿಯೇ ಪಾಠ ಹೇಳಿಕೊಟ್ಟ: ಸ್ಪ್ರಿಂಗ್ ಸರಿಯಿತ್ತು, ಪದ್ದು ಹರಟೆ-ಪಟ್ಟಾಂಗ ಹೊಡೆಯುತ್ತ ಕೈ ಇಟ್ಟಳು. ಬೆಳ್ಳಿ ಹಾಗೆಯೇ ಹೇಳಿ ಹೆಬ್ಬೆಟ್ಟು ಒತ್ತಿದಳು. ಪದ್ದುವಿಗೆ ಪರಿಹಾರವೂ ಸಿಗಲಿಲ್ಲ, ಕೆಲಸವೂ ಉಳಿಯಲಿಲ್ಲ.

ಮೇ ಒಂದಕ್ಕೆ ಕಾರ್ಖಾನೆಯವರು ಬೆಳ್ಳಿಗೆ ಶಾಲು ಹೊದೆಸಿ ಇಂಗ್ಲಿಷಿನ ಪ್ರಶಸ್ತಿಪತ್ರ ಕೊಟ್ಟರು. ರಾತ್ರಿ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ದೀಕ್ಷಾ ಅದನ್ನು ಓದಿದಳು. "ಸಿನ್ಸಿಯರ್, ಸಬ್‌ಮಿಸಿವ್ ಅಂದೇಳಿ ಬರ್ದಿದ್ರ್ ಅಮ್ಮ."

"ಎರಡ್ನೇದಂದ್ರೆ ಎಂತ?"

"ಹೇಳದ್ದಕ್ಕೆಲ್ಲ ಬಗ್ಗುವವ್ಳ್ ಅಂದೇಳಿ."

"ಒಳ್ಳೇ ಮಾತಾ, ಕೆಟ್ಟದ್ದಾ?"

"ಬಗ್ಸುವವ್ರಿಗೆ ಒಳ್ಳೇದ್. ನಾಯಿ ಹೆದ್ರಿ ಹೊಟ್ಟೆ ಮೇಲೆ ಮಾಡಿ ಮನಿಕಂತಲ್ದಾ, ಅದಕ್ಕೂ ಇದೇ ಶಬ್ದ."

ಬೆಳ್ಳಿ ಪ್ರಶಸ್ತಿಪತ್ರ ಮಡಚಿ ಪೆಟ್ಟಿಗೆಯ ಅಡಿಗೆ ಹಾಕಿದಳು. ಬೆಳಗಾದದ್ದೇ ಪದ್ದುವಿನ ಮನೆಗೆ ನಡೆದಳು. ಪದ್ದು ಹಿತ್ತಿಲಲ್ಲಿ ಕೂತು ಎಡಗೈಯಲ್ಲಿ ಬಂಗುಡೆ ಕೊಯ್ಯಲು ಹೆಣಗುತ್ತಿದ್ದಳು.

"ನಾ ಸುಳ್ಳ್ ಹೇಳ್ದೆ ಪದ್ದು."

"ಕಣ್ಣಾರೆ ಕಂಡವ್ಳ್ ನಾನ್, ನಂಗೇ ಹೇಳ್ತ್ಯಾ? ನಾಡಿದ್ದ್ ಕುಂದಾಪ್ರದ ಲೇಬರ್ ಆಫೀಸಲ್ ಮತ್ತೊಂದ್ ವಿಚಾರಣೆ ಇತ್ತ್, ಅದೇ ಕಡೆದ್. ಬಂದ್ ಅಲ್ ಹೇಳ್."

ಬೆಳ್ಳಿ ಆಯ್ತೆಂದಳು. ಪದ್ದು ಅವಳ ಮುಖವನ್ನೇ ನೋಡಿ, ಮತ್ತೆ ಮೀನಿಗೆ ಬಗ್ಗಿದಳು.

ಆ ದಿನ ಬೆಳ್ಳಿ ಹೊಸ ಸೀರೆ ಉಟ್ಟೇ ಬಸ್‌ಸ್ಟ್ಯಾಂಡಿಗೆ ಬಂದಳು. ಕುಂದಾಪುರದ ಬಸ್ಸು ನಿಂತಿತು. "ಹ್ವಾಯ್, ಬೇಗ ಹತ್ಕಣಿ!" ಎಂದ ಕಂಡಕ್ಟರ್. ಅಷ್ಟರಲ್ಲಿ ಆಚೆ ಬದಿಯಲ್ಲಿ ಕಾರ್ಖಾನೆಯ ಜೀಪು ನಿಂತು, ಗೋಪಿ ಬಾಗಿಲು ತೆರೆದ. ಗದರಲಿಲ್ಲ, ಕಾರಣ ಕೇಳಲಿಲ್ಲ.

"ಬಾ ಬೆಳ್ಳಕ್ಕ, ತಡ ಆತ್ತ್," ಅಂದ ಅಷ್ಟೆ.

ಬೆಳ್ಳಿ ರಸ್ತೆ ದಾಟಿ ಜೀಪು ಹತ್ತಿದಳು. ಸಾಕ್ಷಿ ಬಾರದ್ದಕ್ಕೆ ಪದ್ದುವಿನ ಕಡತ ಆ ದಿನವೇ ಮುಚ್ಚಿತಂತೆ.