ಎತ್ತುಗಳ ರಜೆ

ಹಳೇಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ, ಹಾಜರಿ ಸಾಲದೆಂದು ಶಾಲೆ ಮುಚ್ಚುವ ಮಾತು ಎದ್ದಿತ್ತು. ಊರೂರು ತಿರುಗಿ ಭಾಷಣ ಮಾಡುತ್ತಿದ್ದ ನಾನು, ತಂದೆತಾಯಿಗಳನ್ನು ಕರೆಸಿ ಎರಡು ಮಾತು ಗಟ್ಟಿಯಾಗಿ ಹೇಳೋಣವೆಂದು ಚನ್ನರಾಯಪಟ್ಟಣದ ಪೇಟೆಯಿಂದ ಹೋದೆ. ಮೇಷ್ಟರಿಗೆ ರಜೆಯೆಂದು ಭಾನುವಾರ ಸಭೆ ಇಟ್ಟೆ. ಎರಡು ಭಾನುವಾರ ಕಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಬಾವಿಯ ಬಳಿ ನಿಂತು, "ನಿಮ್ಮ ಮಕ್ಕಳೂ ಹೆಬ್ಬೆಟ್ಟು ಒತ್ತಿಯೇ ಸಾಯಲಿ!" ಎಂದು ಕೂಗಿದೆ.

ನೀರು ಸೇದುತ್ತಿದ್ದ ಕೆಂಪಮ್ಮ ಹಗ್ಗ ಬಿಡದೆಯೇ ತಿರುಗಿದಳು. "ಯಾಕಪ್ಪಾ ಅಂಗೆ ಬಡ್ಕೊಂತೀಯ? ಭಾನ್ವಾರ ಉಳೋದು ಬಿಟ್ಟು ಯಾವನ್ ಬತ್ತಾನೆ? ಸ್ವಾಮಾರ ಕರಿ. ಅವತ್ತು ಬಸವಣ್ಣನ ವಾರ, ಎತ್ತಿಗೆ ನೊಗ ಕಟ್ಟಾಕಿಲ್ಲ ಕಣಪ್ಪಾ."

"ಸೋಮವಾರ ಶಾಲೆ ಇರುತ್ತಲ್ಲಮ್ಮ!"

"ಇರ್ಲಿ. ನನ್ ಮಗಳು ಏನ್ ಕಲೀತಾವ್ಳೆ ಅಂತ ನೋಡಾಕಲ್ವಾ ಬರೋದು? ನಿನ್ ಮಕ ನೋಡಾಕಾ?"

ಸೋಮವಾರ ಶಾಲೆಯ ಜಗುಲಿ ತುಂಬಿತು. ಕೆಂಪಮ್ಮನ ಮಗಳು ಪಾಠ ಓದುವಾಗ ಅವಳಪ್ಪ ಹಿಂದಿನಿಂದ, "ಗಟ್ಟಿಯಾಗ್ ಓದವ್ವಾ, ಎತ್ತಿಗೂ ಕೇಳ್ಲಿ!" ಎಂದು ಕೂಗಿದ. ಮರುದಿನದಿಂದ ಹಾಜರಿ ಏರಿತು, ಶಾಲೆ ಉಳಿಯಿತು. ನಾನು ಹೇಳಬೇಕೆಂದಿದ್ದ ಎರಡು ಮಾತು ಯಾರಿಗೂ ಬೇಕಾಗಲಿಲ್ಲ.

ಜನರನ್ನು ಕೇಳದೆ ಆಳುತ್ತಾರೆಂದು ಊರೂರಲ್ಲಿ ಅಮಲ್ದಾರರನ್ನು ಬಯ್ದವನು ನಾನು. ನಾನಾದರೂ ಕೇಳಿದ್ದೆನೇ? ಆ ಊರಿನ ಎತ್ತುಗಳಿಗೂ ಗೊತ್ತಿದ್ದ ರಜೆ ನನಗೊಬ್ಬನಿಗೆ ಗೊತ್ತಿರಲಿಲ್ಲ.