ನಲವತ್ತು ನಿಮಿಷದ ಮೈಸೂರು

ನನಗೊಂದು ಚಟವಿದೆ, ಹೇಳಿಬಿಡುತ್ತೇನೆ, ನಗಬಾರದು. ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ನೋಡುವುದು. ಬೀದರಿನಿಂದ ಬಳ್ಳಾರಿಗೆ ಇಷ್ಟು, ಕಡಪಾದಿಂದ ಸೇಲಂಗೆ ಇಷ್ಟು. ವಿಮಾನದ ಮೆಟ್ಟಿಲನ್ನೇ ಹತ್ತದವನಿಗೆ ಯಾಕಪ್ಪಾ ಈ ಉಸಾಬರಿ ಎನ್ನುತ್ತೀರಾ? ದಿನಾ ಬಂಗಾರಪೇಟೆಯಲ್ಲಿ ರೈಲಿಗೆ ಓಡಿ ಸುಸ್ತಾದವನ ಚಪಲ ಅನ್ನಿ.

ಈ ದೂರಗಳ ಲೆಕ್ಕ ಕೊಡುವ ವೆಬ್ ಪುಟದ ಧೈರ್ಯ ಮೆಚ್ಚಬೇಕು, ಅದರಲ್ಲಿ ನಮ್ಮ ಕೆಜಿಎಫ್ ಕೂಡ ಇದೆ! ಗಣಿ ನಡೆಯುತ್ತಿದ್ದ ಕಾಲದ ರನ್‌ವೇ ಒಂದಿದೆ, ಸುಳ್ಳಲ್ಲ. ಈಗ ಅಲ್ಲಿ ಮೇಕೆಗಳು ಮೇಯುತ್ತವೆ. ನಾನು ಸ್ಕೂಟರ್ ಕಲಿತು ಮಂಡಿ ತರಚಿಕೊಂಡದ್ದೂ ಅಲ್ಲೇ. ಆದರೆ ಲೆಕ್ಕಕ್ಕೆ ಮೇಕೆ ಅಡ್ಡ ಬರುವುದಿಲ್ಲವಲ್ಲ: ಕೆಜಿಎಫ್‌ನಿಂದ ಮೈಸೂರಿಗೆ ನಲವತ್ತು ನಿಮಿಷ.

ಮೈಸೂರಿನಲ್ಲಿ ನನ್ನ ತಂಗಿ ಸರೋಜ ಇದ್ದಾಳೆ. ಆಗ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ, ಕೆಜಿಎಫ್ ಪಕ್ಕದ ನಮ್ಮ ಕ್ಯಾಸಂಬಳ್ಳಿಗೆ, ಬರಲೇಬೇಕೆಂದು ಅಮ್ಮನ ಹಟ. "ಕ್ಯಾಸಂಬಳ್ಳಿ ಯಾವ ಮೂಲೆನಮ್ಮಾ, ಅಷ್ಟ್ ದೂರ ಯಾರು ಬತ್ತಾರೆ" ಎಂದು ಅವಳು ಜಾರಿಕೊಳ್ಳುತ್ತಿದ್ದಳು. ಫೋನ್ ಇಟ್ಟ ಮೇಲೆ ಅಮ್ಮ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರುತ್ತಾ ನಿಂತುಬಿಡುತ್ತಿದ್ದಳು.

ಅಷ್ಟರಲ್ಲಿ ಆ ಹಸು ಕರು ಹಾಕಿತು. ಸರೋಜಳಿಗೆ ಗಿಣ್ಣೆಂದರೆ ಪ್ರಾಣ.

"ಗಿಣ್ಣಾಲು ಕೆಡೋಕ್ ಮುಂಚೆ ಮುಟ್ಟಿಸ್ಬೇಕು ಕಣ್ಲಾ. ಎಷ್ಟೊತ್ ಆಯ್ತದೆ?" ಎಂದಳು ಅಮ್ಮ.

"ನಲವತ್ತೇ ನಿಮಿಷ," ಎಂದು ಮೊಬೈಲ್ ತೋರಿಸಿದೆ.

"ನಿನ್ ಮೊಬೈಲ್‌ಗಿಷ್ಟು ಬೆಂಕಿ ಆಕ! ಎದ್ದೇಳ್ಲಾ, ರೈಲು ತಪ್ಪೋಯ್ತದೆ."

ನಾನೋ, ಸುಮ್ಮನಿರಲಾರದೆ ಆ ಪುಟವನ್ನು ತಂಗಿಯ ಗಂಡನಿಗೂ ಕಳಿಸಿ, 'ಹೊರಟಿದ್ದೇವೆ' ಎಂದು ಬರೆದೆ. ಅವರು ಬಹಳ ಗಂಭೀರ ಮನುಷ್ಯ.

ರೈಲಿನಲ್ಲಿ ಅಮ್ಮ ಒದ್ದೆ ಬಟ್ಟೆ ಸುತ್ತಿದ ಹಾಲಿನ ಕ್ಯಾನನ್ನು ತೊಡೆಯಿಂದ ಇಳಿಸಲಿಲ್ಲ. ಸ್ಟೇಷನ್ನಿಗೊಮ್ಮೆ ಮುಚ್ಚಳ ತೆಗೆದು ಮೂಸುವುದು, ರೈಲು ನಿಂತಾಗಲೆಲ್ಲ ನನ್ನನ್ನು ದುರುಗುಟ್ಟಿ ನೋಡುವುದು, ಎಂಜಿನ್ ನಾನೇ ಕೆಡಿಸಿದ ಹಾಗೆ. ಎದುರು ಸೀಟಿನ ಅಜ್ಜಿ "ಸೀಂಪಾಲಾ?", ಗಿಣ್ಣು ಹಾಲಾ ಎಂದು ತಮಿಳಿನಲ್ಲಿ ಕೇಳಿದ್ದೇ ತಡ, ಅಮ್ಮ ತಮಿಳಿನಲ್ಲೇ ಮಗಳ ಬಸಿರಿನ ಕತೆ ಶುರು ಮಾಡಿದಳು. ಅದು ಮುಗಿಯುವ ಹೊತ್ತಿಗೆ ಮಂಡ್ಯ ಬಂದಿತ್ತು.

ಮನೆ ಮುಟ್ಟಿದರೆ ಬಾಗಿಲಲ್ಲಿ ಸರೋಜ ಒಬ್ಬಳೇ.

"ಅಣ್ಣಾ, ನಿನ್ ಫೋನಿಗೇನ್ ಬಂತು? ಅವ್ರು ನಿಮ್ಮನ್ನ ಕರ್ಕೊಂಡ್ ಬರೋಕೆ ಬೆಳಿಗ್ಗೇನೇ ಏರ್‌ಪೋರ್ಟ್‌ಗೆ ಓಗವ್ರೆ!"

ದಾರಿಯುದ್ದಕ್ಕೂ ದೂರ ನೋಡಿ ನೋಡಿ ನನ್ನ ಮೊಬೈಲಿನ ಜೀವ ಯಾವಾಗಲೋ ಹೋಗಿತ್ತು. ಸ್ವಲ್ಪ ಹೊತ್ತಿಗೆ ಅವರು ಬೆವರೊರೆಸಿಕೊಳ್ಳುತ್ತಾ ಬಂದರು. "ಕೆಜಿಎಫ್ ವಿಮಾನ ಎಷ್ಟು ಲೇಟು ಅಂತ ಕೇಳಿದೆ ಭಾವ. ಗೇಟಿನವನು, ಮೊದಲು ನೀರು ಕುಡೀರಿ ಸಾರ್ ಅಂದ." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ, ನಗು ಮಾತ್ರ ತಡೆಯಲಾಗಲಿಲ್ಲ.

ಬೆಲ್ಲ, ಏಲಕ್ಕಿ ಬೆರೆಸಿ ಅಮ್ಮ ಹಾಲನ್ನು ಹಬೆಗಿಟ್ಟಳು. ಹುಳಿಯಾಗಿದ್ದರೆ ಒಡೆದೇ ಹೋಗುತ್ತದೆ. ನಾವು ನಾಲ್ವರೂ ಉಸಿರು ಬಿಗಿಹಿಡಿದು ಒಲೆಯ ಸುತ್ತ ನಿಂತೆವು. ಮುಚ್ಚಳ ತೆಗೆದರೆ ಗಿಣ್ಣು ಮೆತ್ತಗೆ, ಚೆಂದವಾಗಿ ಕೂತಿತ್ತು.

ಸರೋಜ ಒಂದು ತುಂಡು ತಿಂದಳು, ಇನ್ನೊಂದು ತಿಂದಳು. ಆಮೇಲೆ, "ಕರು ಯಾವ ಬಣ್ಣನಮ್ಮಾ?" ಎಂದಳು.

"ಕೆಂದ ಕಣೆ. ಅಣೆ ಮ್ಯಾಲೆ ಬಿಳಿ."

ಅವಳ ಕಣ್ಣು ತುಂಬಿತು. "ನಾಳೆ ರೈಲು ಎಷ್ಟೊತ್ತಿಗೆ? ನಾನೂ ಬತ್ತೀನಿ."

"ರೈಲೇ ತಾನೆ ಭಾವ?" ಎಂದು ಅವಳ ಗಂಡ ನನ್ನನ್ನು ಕೇಳಿ ಖಚಿತಪಡಿಸಿಕೊಂಡರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹಬೆ ಜಾಸ್ತಿಯಾಯಿತೆಂದು ಒಲೆಯನ್ನು ಬೈದಳು. ಹೊರಡುವ ಮನಸ್ಸು ಬಂದವರು ಎಷ್ಟು ದೂರ ಎಂದು ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಎಂದಷ್ಟೇ ಕೇಳುತ್ತಾರೆ.