ಲಸಿಕೆಗೆ ಸಿಗದ ಸರದಾರ

ಠಾಣಾ ಕುಶನೂರಿನ ನಮ್ಮ ಮನೆಯಲ್ಲಿ ಬೆಳಗಾದರೆ ಮೊದಲು ಸಗಣಿಯ ವಾಸನೆ, ಆಮೇಲೆ ಚಹಾದ ವಾಸನೆ ಬರುತ್ತಿದ್ದ ದಿನಗಳವು. ನನಗೆ ಒಂಬತ್ತು ವರ್ಷವಿರಬೇಕು. ಹತ್ತು ಎಂದು ಆಯಿ, ಅಂದರೆ ನಮ್ಮ ಅಜ್ಜಿ, ಹೇಳುತ್ತಿದ್ದಳು.

ಆ ವರ್ಷ ಮನೆಯಲ್ಲೊಂದು ದೇವಣಿ ತಳಿಯ ಹೋರಿಗರು ಇತ್ತು. ಬಿಳಿ ಮೈ, ಮುಖದ ಎರಡೂ ಬದಿ ಕರಿ. ಅಪ್ಪನ ತಮ್ಮ ಶಂಕರ ಕಾಕಾ ಅದಕ್ಕೆ ಸರದಾರ ಎಂದು ಹೆಸರಿಟ್ಟು, ತೊಗರಿ ಹೊಟ್ಟಿಗೆ ಬೆಲ್ಲ ಕಲಸಿ ತಿನ್ನಿಸುತ್ತಿದ್ದ. ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಗೆ ಮೊದಲ ಸಲ ಬಣ್ಣದ ಬಟ್ಟೆಯ ಝೂಲ ಹೊದಿಸಿ ಊರೊಳಗೆ ಮೆರೆಸುವುದು ಅವನ ಆಸೆ.

ಮೊದಲ ಮಳೆ ಬಿದ್ದ ವಾರ, ದನದ ದವಾಖಾನೆಯ ಕಂಪೌಂಡರ್ ಮಹೆಬೂಬ ಚಾಚಾ ಬರ್ಫದ ಡಬ್ಬಿ ಹಿಡಿದು ಚಪ್ಪೆಬೇನೆಯ ಲಸಿಕೆ ಹಾಕಲು ಬಂದರು. ಆ ಬೇನೆ ಮಳೆಗಾಲದಲ್ಲಿ, ಚೆನ್ನಾಗಿ ಮೇದ ಎಳೆಯ ದನಗಳ ತೊಡೆಯ ಮಾಂಸಕ್ಕೇ ಬರುತ್ತದೆ.

"ಸೂಜಿ ಚುಚ್ಚಿದ್ರ ಕುತಗಿ ಮ್ಯಾಲ ಗಂಟ ಬರ್ತದ. ಹುಣ್ಣಿಮಿಗಿ ಎಂಟ ದಿನ ಉಳದಾವ. ಮಂದಿ ಝೂಲ ನೋಡಬೇಕೋ, ಗಂಟ ನೋಡಬೇಕೋ?" ಅಂದ ಕಾಕಾ. ಹಾಗಂದದ್ದು ನನಗೆ ಚೆನ್ನಾಗಿ ನೆನಪಿದೆ. "ಹೋಗಿ ಬಚ್ಚಿಡು" ಎಂದೂ ಅಂದನೇ? ಅಂದ ಹಾಗೆ ಕೇಳಿಸುತ್ತದೆ. ಆದರೆ ಅದು ನಾನೇ ಆಮೇಲೆ ಸೇರಿಸಿಕೊಂಡ ದನಿಯೂ ಇರಬಹುದು.

ಸರದಾರನನ್ನು ಜೋಳದ ಕಣಿಕೆ ಬಣವೆಯ ಹಿಂದೆ ಕಟ್ಟಿ ಬಂದವಳು ನಾನು. ಇದರಲ್ಲಿ ಸಂಶಯವಿಲ್ಲ.

"ಒಂದು ಹೋರಿ ಕಮ್ಮಿ ಅದಲ್ಲ ಬೇಟಾ?" ಚಾಚಾ ಕೇಳಿದರು.

"ಭಾಲ್ಕಿಗಿ ಹೋಗ್ಯಾದ್ರಿ, ನಮ್ಮ ಅತ್ತಿ ಮನಿಗಿ."

"ಬಸ್ಸಿನ್ಯಾಗ ಹೋಯ್ತೇನು? ಸೀಟ್ ಸಿಕ್ತಾ?"

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಚಾಚಾ ಮುಂದಿನ ಮನೆಗೆ ಹೋದರು.

ನಾಲ್ಕನೆಯ ದಿನ ಸರದಾರ ಹಿಂಗಾಲು ಎಳೆಯತೊಡಗಿತು. "ಉಳುಕ್ಯಾದ, ಶಾಖಾ ಕೊಟ್ರ ಹೋಗ್ತದ" ಎಂದು ಆಯಿ ಉಪ್ಪಿನ ಗಂಟು ಕಾಯಿಸಿ ಕೊಟ್ಟಳು. ಬಾತ ತೊಡೆಗೆ ಶಾಖ ಕೊಡುವ ಕೆಲಸ ನನ್ನದು. ಒತ್ತಿದರೆ ಚರ್ಮದ ಕೆಳಗೆ ಹಪ್ಪಳ ಮುರಿದಂತೆ ಚರಚರ ಅನ್ನುತ್ತಿತ್ತು. ಹೇಳಲು ನಾಚಿಕೆ, ಆ ಸದ್ದು ನನಗೆ ಹಿಡಿಸಿತ್ತು. ಮತ್ತೆ ಮತ್ತೆ ಒತ್ತಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಅದು ಏಳಲಿಲ್ಲ. ಬಾಯಿಗೆ ಬೆಲ್ಲ ಹಿಡಿದರೂ ಮೂಸಲಿಲ್ಲ. ಅಪ್ಪ ಓಡಿಹೋಗಿ ಚಾಚಾರನ್ನು ಕರೆತಂದ. ಅವರು ತೊಡೆಯ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದರು, ಅಷ್ಟೇ.

"ಇದು ಉಳುಕಲ್ರಿ. ಮಾಂಸ ಕೊಳತು ಒಳಗ ಗಾಳಿ ತುಂಬ್ಯಾದ. ನಿನ್ನೀನೇ ಕರದಿದ್ರ ನೋಡಬಹುದಿತ್ತು."

ಆದರೂ ಎರಡು ಸೂಜಿ ಹಾಕಿದರು. ಡಬ್ಬಿ ಮುಚ್ಚುತ್ತ ನನ್ನ ಕಡೆ ತಿರುಗಿ, ಮೆಲ್ಲಗೆ, "ಭಾಲ್ಕಿಗಿ ಹೋಗಿದ್ದು ಇದೇ ಏನು ಬೇಟಾ?" ಅಂದರು.

ಮಧ್ಯಾಹ್ನದೊಳಗೆ ಸತ್ತಿತು. ಚರ್ಮ ಸುಲಿಯಬಾರದು, ಬೇನೆ ಹಬ್ಬುತ್ತದೆ ಎಂದು ಚಾಚಾ ಹೇಳಿದ್ದರಿಂದ ಆಳವಾಗಿ ತೋಡಿ ಸುಣ್ಣ ಸುರಿದು ಹೂಳಿದರು. ಗುಂಡಿಯನ್ನು ಕಾಕಾ ಒಬ್ಬನೇ ತೋಡಿದ, ಬೇರೆಯವರ ಕೈಗೆ ಸಲಿಕೆ ಕೊಡಲಿಲ್ಲ.

ನೋಡಲು ಬಂದವರಿಗೆಲ್ಲ ಆಯಿ, "ಹುಡುಗಿ ಬಚ್ಚಿಟ್ಟಳವ್ವ, ಸೂಜಿಗಿ ಅಂಜಿ" ಎಂದಳು. ಕಾಕಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಮನೆಯಲ್ಲಿ ಕಥೆ ಹಾಗೆಯೇ ನಿಂತಿತು. ಎಷ್ಟೋ ವರ್ಷ ನಾನೂ ಹಾಗೆಯೇ ನಂಬಿದ್ದೆ. ಓದು ಮುಗಿಸಿ ದಿನಚರಿ ಬರೆಯತೊಡಗಿದ ಮೇಲೆ ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಬರೆದೆ: ಒಮ್ಮೆ ಕಾಕಾ ಹೇಳಿ ಬಚ್ಚಿಟ್ಟಂತೆ, ಒಮ್ಮೆ ನಾನಾಗಿಯೇ ಬಚ್ಚಿಟ್ಟಂತೆ. ಎರಡೂ ನಿಜದಂತೆಯೇ ಕಂಡವು.

ಹೋದ ವರ್ಷ ಕಣ್ಣಿನ ಆಪರೇಷನ್ನಿಗೆಂದು ಕಾಕಾ ಬೀದರಿನ ನನ್ನ ಮನೆಗೆ ಬಂದಿದ್ದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತವನಿಗೆ ಎರಡು ಬಗೆಯಲ್ಲಿ ಬರೆದದ್ದನ್ನು ಹೇಳಿ, ಅಂದು ಬಚ್ಚಿಡು ಅಂದಿದ್ದೆಯಾ ಎಂದು ಕೇಳಿಯೇಬಿಟ್ಟೆ.

"ನಾನೇ ಹೇಳಿದ್ದೆ ಅಂತ ಬರಕೋ."

"ಹೇಳಿದ್ಯೋ ಇಲ್ಲೋ ಕಾಕಾ?"

"ನಿನಗ ಹಗುರ ಆಗೋದಿದ್ರ ಬರಕೋ ಅಂದೆ."

ಈಗ ಊರ ಮನೆಯಲ್ಲಿ ದನಗಳಿಗೆ ಮೇವು ಹಾಕುತ್ತಿದ್ದ ಗೋದಲಿ ಒಡೆದು ಟ್ರ್ಯಾಕ್ಟರ್ ನಿಲ್ಲಿಸಿದ್ದಾರೆ. ಆಯಿ ಇಲ್ಲ, ಅಪ್ಪ ಇಲ್ಲ, ಚಾಚಾ ಇಲ್ಲ. ಕೇಳಲು ಉಳಿದಿದ್ದವನು ಕಾಕಾ ಒಬ್ಬನೇ. ಅವನನ್ನೂ ಕೇಳಿ ಮುಗಿಸಿದೆ.